ಅಧ್ಯಕ್ಷರ ಮನೆಯ ಕಡುಬು

ಚೆನ್ನೈ
ಭಾನುವಾರ, ೧೫ ಸೆಪ್ಟೆಂಬರ್ ೨೦೦೨

ಪ್ರೀತಿಯ ಅಪ್ಪಾ,

ನಮಸ್ಕಾರ. ಸಕ್ಕರೆ ಎಷ್ಟಿದೆ? ಬೆಳಗಿನ ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ನಾಗಪುರದ ಮೆಸ್ಸಿನಲ್ಲಿ ದಿನವೂ ಆಲೂಗೆಡ್ಡೆ ಹಾಕುತ್ತಾರೆ ಎಂದು ಅಮ್ಮ ಕೊರಗುತ್ತಾಳೆ. ಅದನ್ನು ತಟ್ಟೆಯ ಅಂಚಿಗೆ ತಳ್ಳಿ ಉಳಿದದ್ದನ್ನು ತಿನ್ನು. ಬೇಡದ್ದನ್ನು ಯಾರಿಗೂ ಗೊತ್ತಾಗದ ಹಾಗೆ ಅಂಚಿಗೆ ತಳ್ಳುವುದನ್ನು ನಿನಗೆ ಯಾರೂ ಕಲಿಸಬೇಕಾಗಿಲ್ಲ. ಮಂಡಿಗೆ ಎಣ್ಣೆ ಹಚ್ಚಿಕೊ. ನೀನು ಆರೋಗ್ಯವಾಗಿರಬೇಕು ಅಪ್ಪಾ, ಈ ಕಾಗದವನ್ನು ಕೊನೆಯತನಕ ಓದುವಷ್ಟಾದರೂ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ದನಿ ಎತ್ತಿದ ಕೂಡಲೇ ನಿನಗೆ ಎಸ್‌ಟಿಡಿ ಬಿಲ್ಲಿನ ನೆನಪಾಗುತ್ತದೆ.

ಇಲ್ಲಿ ನಾವಿಬ್ಬರೂ ಕ್ಷೇಮ. ಕಾವೇರಿ ಗಲಾಟೆ ಮತ್ತೆ ಶುರುವಾಗಿದೆ. ಗಿಂಡಿಗೆ ಹೋಗುವ ಬಸ್ಸಿನಲ್ಲಿ ಬಾಯಿ ಬಿಟ್ಟು ಕನ್ನಡ ಮಾತಾಡಬೇಡ ಎಂದು ಅಮ್ಮ ದಿನಾ ಬಾಗಿಲಲ್ಲಿ ನಿಂತು ಹೇಳಿ ಕಳಿಸುತ್ತಾಳೆ. ಮೊನ್ನೆ ಆಟೋದವನು ‘ನೀಂಗ ಕನ್ನಡಕ್ಕಾರಂಗಳಾ?’ ಎಂದು ಕೇಳಿದನಂತೆ. ಅಷ್ಟಕ್ಕೇ ಅಮ್ಮನಿಗೆ ಎರಡು ದಿನ ನಿದ್ದೆ ಇಲ್ಲ. ‘ನಾವೇನು ಮಾಡಿದೀವಿ ಇವರಿಗೆ? ಹುಟ್ಟಿದ ಊರು ಕೇಳಿ ಮನುಷ್ಯನ್ನ ಅಳೆಯೋದು ಯಾವ ನ್ಯಾಯ?’ ಎಂದು ಅವಳು ಅತ್ತಳು. ಒಳ್ಳೆಯ ಪ್ರಶ್ನೆ. ಕೇಳುತ್ತಿದ್ದದ್ದು ಯಾರು ಎಂಬುದಷ್ಟೇ ತೊಂದರೆ.

ಇಲ್ಲಿನ ಕನ್ನಡ ಬಳಗದ ಚುನಾವಣೆಯ ಸುದ್ದಿಯನ್ನು ಅಮ್ಮ ಹೇಳಿದಳಂತೆ. ಬದರಿನಾಥ ಮಾಮ ಗೆದ್ದರು, ಅಂದಾನಿ ಮಾಮ ಸೋತರು ಎಂದಾಗ ನೀನು ‘ಛೆ ಛೆ, ಹೀಗಾಗಬಾರದಿತ್ತು’ ಅಂದೆಯಂತೆ. ಹೀಗೆ ಹೇಗಾಯಿತು ಎಂದು ನಾನು ಹೇಳುತ್ತೇನೆ. ಗೊತ್ತಿರುವ ಕಥೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದಕ್ಕೆ ಒಂದು ರುಚಿ ಇರುತ್ತದೆ.

ಜೂನ್ ತಿಂಗಳಲ್ಲಿ ನಿನಗೆ ನಾಗಪುರಕ್ಕೆ ವರ್ಗವಾದಾಗ ನುಂಗಂಬಾಕ್ಕಂ ಸಭಾಂಗಣದಲ್ಲಿ ಬಳಗದವರು ಬೀಳ್ಕೊಡುಗೆ ಕೊಟ್ಟರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ನೀನು ಶಾಲು ಹೊದ್ದು ಮೈಕಿನ ಮುಂದೆ ನಿಂತೆ. ಈ ಊರಿನ ಕಾರ್ಪೊರೇಷನ್ ಚುನಾವಣೆಯಲ್ಲಿ ಕನ್ನಡದವನೊಬ್ಬ ನಿಂತರೆ ಯಾರೂ ವೋಟು ಹಾಕುವುದಿಲ್ಲ ಅಂದೆ. ‘ಮತದಾರ ಮೊದಲು ಹೆಸರು ನೋಡ್ತಾನೆ, ಆಮೇಲೆ ಮೈಬಣ್ಣ ನೋಡ್ತಾನೆ, ಆಮೇಲೆ ಇವನು ನಮ್ಮವನಾ ಅಂತ ನೋಡ್ತಾನೆ. ಮನುಷ್ಯನನ್ನ ನೋಡೋ ಹೊತ್ತಿಗೆ ಮುದ್ರೆ ಒತ್ತಿ ಆಗಿರುತ್ತೆ’ ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಗಿಂಡಿ ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿ ಎರಡು ರೂಪಾಯಿಗೆ ಸಿಗುವ ಕಿರುಹೊತ್ತಗೆಗಳಲ್ಲಿ ನಾನು ಓದಿದ್ದೆಲ್ಲ ನನ್ನ ಅಪ್ಪನ ಬಾಯಲ್ಲಿ ಬರುತ್ತಿದೆ ಎಂದು ಹೆಮ್ಮೆಯಾಯಿತು. ಕೊನೆಯಲ್ಲಿ ನೀನು ಹಿಂದಿನ ಸಾಲಿನ ಕಡೆ ಕೈ ತೋರಿಸಿ, ‘ನಾವು ಹಾಗಲ್ಲ ಅಂತ ತೋರಿಸೋಣ. ಈ ಸಲ ನಮ್ಮ ಅಂದಾನಿಯವರೇ ಅಧ್ಯಕ್ಷರಾಗ್ಲಿ’ ಅಂದೆ. ಅಂದಾನಿ ಮಾಮ ಬೆಚ್ಚಿಬಿದ್ದು ‘ಬ್ಯಾಡ ಸಾರ್, ಬ್ಯಾಡ’ ಎಂದು ಕೈಮುಗಿದರು. ಪಕ್ಕದಲ್ಲಿ ಕೂತಿದ್ದ ಹುಚ್ಚಮ್ಮ ಅತ್ತೆ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿನ್ನನ್ನೇ ನೋಡುತ್ತಿದ್ದರು. ಆ ನೋಟ ನೆನಪಿದೆಯೇ ನಿನಗೆ? ನನಗಿದೆ.

ನಂಜನಗೂಡಿನ ಕಡೆಯ ಒಂದು ಕೇರಿಯಿಂದ ಬಂದು ರೈಲ್ವೆಯಲ್ಲಿ ಸಿಗ್ನಲ್ ಇಂಜಿನಿಯರ್ ಆದ ಮನುಷ್ಯ ಅವರು. ಬಳಗದಲ್ಲಿ ಅವರದೊಂದೇ ದಲಿತ ಮನೆ. ಬೇಸಿಗೆ ರಜೆಗೆ, ದಸರೆಗೆ ಮೈಸೂರಿನ ರೈಲಿನಲ್ಲಿ ಜಾಗ ಬೇಕಾದಾಗ ಬಳಗದ ಎಲ್ಲರಿಗೂ ಮೊದಲು ನೆನಪಾಗುವುದು ಅವರ ಹೆಸರೇ. ಆದರೆ ಅಧ್ಯಕ್ಷತೆ ಎಂದರೆ ಮೈಕು, ಶಾಲು ಅಷ್ಟೇ ಅಲ್ಲವಲ್ಲ. ಬಳಗ ಕಟ್ಟಿದವರು ಹಾಕಿಕೊಟ್ಟ ಪದ್ಧತಿ ಒಂದಿದೆ: ಗಣೇಶನ ನೈವೇದ್ಯದ ಕಡುಬು ಅಧ್ಯಕ್ಷರ ಮನೆಯ ಒಲೆಯ ಮೇಲೇ ಬೇಯಬೇಕು, ಪಂಕ್ತಿಯಲ್ಲಿ ಪ್ರತಿ ಎಲೆಗೂ ಮೊದಲ ಕಡುಬನ್ನು ಅಧ್ಯಕ್ಷರ ಮನೆಯಾಕೆಯೇ ಬಡಿಸಬೇಕು. ಹೋಟೆಲಿನ ಊಟವಲ್ಲ, ಮನೆಯ ಊಟ ಎಂದು ನಾವು ಊರೆಲ್ಲ ಹೇಳಿಕೊಂಡು ತಿರುಗುವ ಪದ್ಧತಿ. ಇಷ್ಟು ವರ್ಷ ಹುಚ್ಚಮ್ಮ ಅತ್ತೆ ಆ ಪಂಕ್ತಿಯ ಕೊನೆಯಲ್ಲಿ ಕೂತು ಎಲ್ಲರ ಮನೆಯ ಕಡುಬು ತಿಂದಿದ್ದಾರೆ. ಅವರ ಕೈಯ ಕಡುಬನ್ನು ಬಳಗದ ಒಬ್ಬರೂ ತಿಂದಿಲ್ಲ. ಅವರಿಗೆ ಅಧ್ಯಕ್ಷತೆ ಬೇಕಿರಲಿಲ್ಲ. ಆ ಸಾಲಿನಲ್ಲಿ ಒಂದು ಸಲ ಬಗ್ಗಿ ಬಡಿಸಬೇಕಿತ್ತು, ಅಷ್ಟೇ.

ಜುಲೈ ಪೂರ್ತಿ ಅವರು ಅಭ್ಯಾಸ ಮಾಡಿದರು. ಪೆರಂಬೂರಿನ ಕ್ವಾರ್ಟರ್ಸಿಗೆ ನನ್ನನ್ನು ಕರೆದು ತಿನ್ನಿಸಿ, ‘ಸಿಪ್ಪ ದಪ್ಪ ಆಯ್ತಾ ಕೂಸೆ? ನಿಮ್ಮ ಕಡಿಯೋರು ಇನ್ನೂ ತೆಳ್ಳಗ ಮಾಡ್ತರ ಅಲ್ವಾ?’ ಎಂದು ಕೇಳುತ್ತಿದ್ದರು. ಹಿಟ್ಟು ಬಿರಿಯದಿರಲು ಏನು ಮಾಡಬೇಕು ಎಂದು ಅಮ್ಮನಿಗೆ ಫೋನ್ ಮಾಡಿದರು. ನೀರು ಕುದಿಯುವಾಗ ಒಂದು ಚಮಚ ಎಣ್ಣೆ ಹಾಕಿ ಎಂದು ಅಮ್ಮ ನಿಧಾನವಾಗಿ, ಅಕ್ಕರೆಯಿಂದ ಹೇಳಿಕೊಟ್ಟಳು. ನಾನು ಪಕ್ಕದಲ್ಲೇ ಇದ್ದೆ. ಇವರೆಲ್ಲ ಎಷ್ಟು ಒಳ್ಳೆಯವರು ಅನ್ನಿಸಿತು.

ಬಳಗದಲ್ಲಿ ಎಂದೂ ಮತ ಎಣಿಸಿದ್ದಿಲ್ಲ. ಒಬ್ಬರು ಹೆಸರು ಹೇಳುವುದು, ಉಳಿದವರು ಚಪ್ಪಾಳೆ ತಟ್ಟುವುದು, ಮುಗಿಯಿತು. ಈ ಸಲ ಜುಲೈ ಕೊನೆಯಲ್ಲಿ ಇದ್ದಕ್ಕಿದ್ದಂತೆ ಬದರಿನಾಥ ಮಾಮ ತಾವೂ ನಿಲ್ಲುತ್ತೇನೆ ಅಂದರು. ನಾನು ಮನೆಮನೆಗೆ ಹೋದೆ. ಮೊದಲ ಸುತ್ತಿನಲ್ಲಿ ಒಬ್ಬರೂ ಇಲ್ಲ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಅಮ್ಮಣ್ಣಿಯವರು, ಬಳಗದ ಹೆಂಗಸರಲ್ಲೆಲ್ಲ ಹಿರಿಯರಲ್ಲವೇ, ಅವರು, ‘ಒಳ್ಳೇವರೇ ಕಣೇ. ಆದ್ರೆ ಅವರ ಕನ್ನಡ ಕೇಳಿದೀಯಾ? ಬತ್ತದ ಹೋಯ್ತದ ಅಂತ ಮೈಕಲ್ಲಿ ಅಂದ್ರೆ ಬೆಂಗಳೂರಿಂದ ಬಂದ ಅತಿಥಿಗಳು ಏನು ತಿಳ್ಕೋತಾರೆ?’ ಅಂದರು. ಅಷ್ಟರಲ್ಲಿ ಒಳಗಿನಿಂದ ಅವರ ಮೊಮ್ಮಗ ‘ಪಾಟೀ, ರಿಮೋಟ್ ಎಂಗೆ?’ ಎಂದು ಕೂಗಿದ. ಇವರೂ ತಮಿಳಿನಲ್ಲೇ ‘ಸೋಫಾ ಕೀಳೆ ಪಾರುಡಾ ಕಣ್ಣಾ’, ಸೋಫಾ ಕೆಳಗೆ ನೋಡು, ಅಂದು, ಮತ್ತೆ ನನ್ನ ಕಡೆ ತಿರುಗಿ ಕನ್ನಡದ ಶುದ್ಧಿಯ ಬಗ್ಗೆ ಮುಂದುವರಿಸಿದರು. ಕೋಡಂಬಾಕ್ಕಂನ ಇನ್ಶೂರೆನ್ಸ್ ದಂಪತಿಗಳ ಮನೆಯಲ್ಲಿ ಗಂಡ, ‘ಸ್ಟೇಜ್ ಮೇಲೆ ಒಂದು ಕಳೆ ಬೇಕಮ್ಮ. ಹೋದ ವರ್ಷದ ಗ್ರೂಪ್ ಫೋಟೋದಲ್ಲಿ ನೋಡು, ಅಂದಾನಿಯವರ ಹಲ್ಲು ಮಾತ್ರ ಬಂದಿದೆ’ ಎಂದು ನಕ್ಕರು. ಹೆಂಡತಿ, ‘ಅಧ್ಯಕ್ಷರ ಧರ್ಮಪತ್ನಿ ಶ್ರೀಮತಿ ಹುಚ್ಚಮ್ಮನವರು ಅಂತ ಮೈಕಲ್ಲಿ ಕೂಗ್ತಾರೇನ್ರೀ? ಜನ ನಗಲ್ವಾ?’ ಎಂದು ಕೇಳಿದರು. ಜನ ಆಗಲೇ ನಗುತ್ತಿದ್ದರು, ಇಬ್ಬರೂ. ಜಾತಿ ಎಂಬ ಶಬ್ದ ಯಾವ ಮನೆಯಲ್ಲೂ ಬರಲಿಲ್ಲ. ನನ್ನನ್ನು ಗೇಟಿನತನಕ ಬಿಡಲು ಬಂದು, ಆಚೀಚೆ ನೋಡಿ, ದನಿ ತಗ್ಗಿಸಿ ‘ಅಡುಗೆ ಅವರ ಮನೇಲೇನಾ?’ ಎಂದು ಮಾತ್ರ ಕೆಲವರು ಕೇಳಿದರು.

ನಾನು ಬಿಡಲಿಲ್ಲ. ಒಂದು ವಾರ ಬಿಟ್ಟು ಎರಡನೇ ಸುತ್ತು ಹೊರಟೆ. ಈ ಸಲ ಪ್ರತಿ ಮನೆಯಲ್ಲೂ ಕಾಫಿ, ಪ್ರತಿ ಮನೆಯಲ್ಲೂ ನಗು. ‘ಯೋಚನೆ ಮಾಡಿದ್ವಮ್ಮ, ನೀನು ಹೇಳೋದೇ ಸರಿ.’ ‘ನಮ್ಮ ವೋಟು ಅಂದಾನಿಯವರಿಗಲ್ದೆ ಇನ್ಯಾರಿಗೆ?’ ಅಮ್ಮಣ್ಣಿಯವರು ನನ್ನ ಕೆನ್ನೆ ಸವರಿ ‘ನಿನ್ನಂಥ ಮಕ್ಕಳು ಹತ್ತು ಜನ ಇದ್ರೆ ದೇಶ ಉದ್ಧಾರ ಆಗುತ್ತೆ’ ಅಂದರು. ನಾನು ರೈಲಿನಲ್ಲಿ ಬಾಗಿಲ ಬಳಿ ನಿಂತು ಒಬ್ಬಳೇ ನಗುತ್ತಾ ಬಂದೆ ಅಪ್ಪಾ. ಮನುಷ್ಯನಿಗೆ ತಿಳಿಸಿ ಹೇಳಿದರೆ ಬದಲಾಗುತ್ತಾನೆ ಎಂದು ಓದಿದ್ದು ಕಣ್ಣೆದುರೇ ನಿಜವಾಯಿತು ಅಂದುಕೊಂಡೆ. ಹುಚ್ಚಮ್ಮ ಅತ್ತೆಯ ಮನೆಗೆ ಹೋಗಿ, ಹಬ್ಬಕ್ಕೆ ಅಕ್ಕಿ ನೆನೆಹಾಕಿ ಅಂತಲೂ ಹೇಳಿಬಂದೆ.

ಆಗಸ್ಟ್ ಕೊನೆಯ ಭಾನುವಾರ ಮತದಾನ. ಮನೆಗೊಂದು ಮತ. ಮೂಲೆಯಲ್ಲಿ ಸೀರೆಯ ಮರೆ, ಹೆಸರು ಬರೆದ ಚೀಟಿಯನ್ನು ಕಾಫಿಪುಡಿಯ ದೊಡ್ಡ ಡಬ್ಬಿಗೆ ಹಾಕುವುದು. ನಮ್ಮ ಮನೆಯ ಚೀಟಿಯನ್ನು ಅಮ್ಮ ಹಾಕಿದಳು. ಐವತ್ತಕ್ಕೂ ಹೆಚ್ಚು ಮನೆಯವರು ಬಂದಿದ್ದರು. ಎಣಿಸಿದಾಗ ಅಂದಾನಿ ಮಾಮನಿಗೆ ನಾಲ್ಕು. ಮತಗಟ್ಟೆಯ ಮರೆಯಲ್ಲಿ ಮನುಷ್ಯ ಒಂಟಿಯಾಗಿ ತನ್ನ ಆತ್ಮದ ಮುಂದೆ ನಿಲ್ಲುತ್ತಾನೆ ಎಂದು ನಾನು ಎಲ್ಲೋ ಓದಿದ್ದೆ. ಸುಳ್ಳು. ಅವನ ಜೊತೆ ಅವನ ಅಜ್ಜಿ, ಮುತ್ತಜ್ಜಿ, ಅವರ ಅಡುಗೆಮನೆ, ಹಿತ್ತಲ ಬಾಗಿಲು ಎಲ್ಲ ಆ ಸೀರೆಯ ಮರೆಯೊಳಗೆ ನುಗ್ಗುತ್ತವೆ. ಮುಖಕ್ಕೆ ಮುಖ ಕೊಟ್ಟು ಹೇಳಲು ನಾಚಿಕೆಯಾದದ್ದನ್ನೇ ಬರೆಯಲಿಕ್ಕೆ ಆ ಮರೆ ಇರುವುದು.

ಬದರಿನಾಥ ಮಾಮ ಮೈಕು ಹಿಡಿದು ‘ಸೋಲು ಗೆಲುವು ಇದ್ದದ್ದೇ. ಅಂದಾನಿಯವರ ಸೇವೆ ನಮಗೆ ಬೇಕೇ ಬೇಕು. ಹಬ್ಬದ ಕುರ್ಚಿ, ಕುಡಿಯೋ ನೀರು, ಸ್ವಚ್ಛತೆ ಎಲ್ಲ ಅವರದೇ ಜವಾಬ್ದಾರಿ’ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗೆದ್ದವನಿಗಿಂತ ಜೋರು ಚಪ್ಪಾಳೆ. ಅಂದಾನಿ ಮಾಮ ಎದ್ದು ನಿಂತು ಕೈಮುಗಿದು ಒಪ್ಪಿಕೊಂಡರು. ಸ್ವಚ್ಛತೆ ಅಪ್ಪಾ. ಸಿಗ್ನಲ್ ಇಂಜಿನಿಯರಿಗೆ ನಮ್ಮ ಬಳಗ ಹುಡುಕಿಕೊಟ್ಟ ಕೆಲಸ.

ಮೆಟ್ಟಿಲ ಮೇಲೆ ನಾನು ಅಮ್ಮಣ್ಣಿಯವರನ್ನು ಅಡ್ಡಹಾಕಿದೆ. ಎಲ್ಲರೂ ಸುಳ್ಳು ಹೇಳಿದಿರಿ ಎಂದೆ. ಅವರಿಗೆ ಸಿಟ್ಟೇ ಬರಲಿಲ್ಲ. ಪಾಪದ ಕೂಸನ್ನು ನೋಡುವ ಹಾಗೆ ನೋಡಿ ನಕ್ಕರು. ‘ಅಯ್ಯೋ ಪೆದ್ದೇ, ನಿಮ್ಮಪ್ಪನೇ ನಾಗಪುರದಿಂದ ಎಲ್ಲರ ಮನೆಗೂ ಫೋನ್ ಮಾಡಿದ್ರಲ್ಲೇ. ಮಗಳು ಮತ್ತೆ ಬರ್ತಾಳೆ, ಚಿಕ್ಕೋಳು, ಏನೇನೋ ಓದ್ಕೊಂಡಿದಾಳೆ, ಮನಸ್ಸು ನೋಯಿಸ್ಬೇಡಿ, ಹೂಂ ಅಂದು ಕಳಿಸಿ, ವೋಟು ಮಾತ್ರ ಯೋಚನೆ ಮಾಡಿ ಹಾಕಿ ಅಂದ್ರು. ನಾನೇನೋ ಮಾತಿನ ಭರದಲ್ಲಿ ಹೇಳ್ಬಿಟ್ಟೆ, ಅವರು ನಿಜ ಅಂದ್ಕೊಂಡ್ಬಿಟ್ರು ಅಂತ ಪಾಪ ಒದ್ದಾಡ್ತಿದ್ರು. ಬದರಿನಾಥನ್ನ ನಿಲ್ಲೋಕೆ ಹೇಳಿದ್ದೂ ಅವರೇ ತಾನೆ?’

ಆಗ ನಿನಗೆ ಎಸ್‌ಟಿಡಿ ಬಿಲ್ಲಿನ ಚಿಂತೆ ಇರಲಿಲ್ಲ ಅಂತ ಕಾಣುತ್ತದೆ.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅವಳು ಸಾಂಬಾರ್ ಈರುಳ್ಳಿ ಸುಲಿಯುತ್ತಿದ್ದಳು. ‘ನಿಮ್ಮಪ್ಪ ಹೇಳಿದ ಕಡೆ ಹಾಕ್ದೆ’ ಅಂದಳು. ನಾನು ಕೂಗಾಡಿದೆ. ಕಡುಬಿಗೆ ಎಣ್ಣೆ ಹಾಕುವುದನ್ನು ಹೇಳಿಕೊಟ್ಟ ಬಾಯಿ ಇದೇ ಅಲ್ಲವೇ ಎಂದೆ. ‘ಹೇಳ್ಕೊಡೋದಕ್ಕೇನು, ತಿನ್ನೋದು ಬೇರೆ ಅಲ್ವೇನೇ? ನಿಮ್ಮಪ್ಪ ರೈಲು ಹತ್ತುವಾಗ ಹುಚ್ಚಮ್ಮನವರು ಕಟ್ಟಿಕೊಟ್ಟ ಚಿತ್ರಾನ್ನವನ್ನೇ ತಿನ್ಲಿಲ್ಲ, ಗೂಡೂರಲ್ಲಿ ಯಾರೋ ಮುದುಕನಿಗೆ ಕೊಟ್ರಂತೆ. ಇನ್ನು ಅಷ್ಟು ಜನಕ್ಕೆ ತಿನ್ನಿ ಅಂತ ಹೇಗೆ ಹೇಳ್ತಾರೆ? ನಾಳೆ ನಿನ್ನ ಮದುವೆಗೆ ಇದೇ ಜನ ಬರ್ಬೇಕು’ ಅಂದಳು. ನಿನ್ನ ಪ್ರಾಮಾಣಿಕತೆಗೆ ಸಾಕ್ಷಿ ಕೊಡುವ ಹಾಗೆ ಹೇಳಿದಳು, ಪಾಪ. ಅವಳ ಕಣ್ಣಲ್ಲಿ ನೀರಿತ್ತು. ಅದು ಈರುಳ್ಳಿಯದು. ಆ ಚಿತ್ರಾನ್ನದ ಪೊಟ್ಟಣವನ್ನು ಪ್ಲಾಟ್‌ಫಾರಂನಲ್ಲಿ ನೀನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡದ್ದನ್ನು ನಾನು ನೋಡಿದ್ದೆ. ನಮ್ಮ ಬಳಗದವರು ಕೈಮುಗಿಯುವುದು ಕೂಡ ಒಂದು ಬಗೆಯ ಮುಟ್ಟದಿರುವಿಕೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಈಗ ಹಬ್ಬದ ಸುದ್ದಿ. ಮೊನ್ನೆ ಮಂಗಳವಾರ ಬೆಳಿಗ್ಗೆ ಪಾತ್ರೆ ಸಾಗಿಸಲು ನಾನು ಬದರಿನಾಥ ಮಾಮನ ಮನೆಗೆ ಹೋದೆ. ಅವರ ಹೆಂಡತಿಯ ಮಣಿಕಟ್ಟು ಉಳುಕಿ ಬ್ಯಾಂಡೇಜು ಸುತ್ತಿತ್ತು. ಹೊರಗೆ ವೆಸ್ಟ್ ಮಾಂಬಲಂನ ಅಡುಗೆಯವರ ವ್ಯಾನು ನಿಂತಿತ್ತು. ಅದರಿಂದ ಇಳಿಸಿದ ಅಲ್ಯೂಮಿನಿಯಂ ಡಬರಿಗಳಿಂದ ಕಡುಬುಗಳನ್ನು ಎತ್ತಿ ಮನೆಯ ಹಿತ್ತಾಳೆ ಕೊಳಗಕ್ಕೆ ಜೋಡಿಸುತ್ತಿದ್ದರು. ಅಮ್ಮಣ್ಣಿಯವರೂ ಅಲ್ಲಿದ್ದರು. ಅಧ್ಯಕ್ಷರ ಮನೆಯ ಒಲೆಯ ಪದ್ಧತಿ ಏನಾಯಿತು ಎಂದು ಕೇಳಿದೆ. ‘ಅಯ್ಯರ್ ಮಾಡಿದ್ದು ತಾನೆ? ದೋಷ ಇಲ್ಲ’ ಅಂದರು. ನೋಡಿದೆಯಾ, ಎಷ್ಟು ಸುಲಭ. ಪದ್ಧತಿ ಮುರಿಯಬಾರದು ಎಂದು ಒಬ್ಬ ಮನುಷ್ಯನನ್ನು ಸೋಲಿಸಿದರು. ಸೋಲಿಸಿದ ಎರಡೇ ವಾರಕ್ಕೆ ಪದ್ಧತಿಯನ್ನು ವ್ಯಾನಿನಲ್ಲಿ ತರಿಸಿದರು.

ಪಂಕ್ತಿಯಲ್ಲಿ ಎಲ್ಲರೂ ‘ಮನೆ ಕಡುಬು ಅಂದ್ರೆ ಮನೆ ಕಡುಬೇ’ ಎಂದು ಚಪ್ಪರಿಸಿದರು. ನನಗೆ ತಡೆಯಲಾಗಲಿಲ್ಲ. ಎಲೆಯ ಮುಂದಿನಿಂದ ಎದ್ದು ನಿಂತು ಎಲ್ಲವನ್ನೂ ಹೇಳಿದೆ: ವ್ಯಾನು, ಅಡುಗೆಯವರು, ಚೀಟಿ, ಸುಳ್ಳು ಹೂಂಗಳು, ಎಲ್ಲ. ನಿನ್ನ ಫೋನಿನ ಮಾತೊಂದು ಮಾತ್ರ ಬಾಯಿಗೆ ಬರಲಿಲ್ಲ. ಕಾಲಕೆಳಗಿನ ನೆಲ ಬಿರಿಯುತ್ತದೆ ಅಂದುಕೊಂಡಿದ್ದೆ. ಇನ್ಶೂರೆನ್ಸ್ ಮಾಮ ತುಪ್ಪ ಹಾಕಿಸಿಕೊಳ್ಳುತ್ತಾ, ‘ಅಪ್ಪನ ಹಾಗೇ ಭಾಷಣ ಚೆನ್ನಾಗಿ ಮಾಡ್ತೀಯಮ್ಮ’ ಅಂದರು. ಸಾಲಿಗೆ ಸಾಲೇ ನಕ್ಕಿತು. ಅಮ್ಮ ತಲೆ ಎತ್ತಲಿಲ್ಲ. ಸಾಲಿನ ಕೊನೆಯಲ್ಲಿ ಹುಚ್ಚಮ್ಮ ಅತ್ತೆ ಆ ಕಡುಬನ್ನು ಮುರಿದು, ಬೆರಳಲ್ಲಿ ಸಿಪ್ಪೆಯ ದಪ್ಪ ನೋಡಿ, ತಿಂದರು.

ಆಮೇಲೆ ನೀರಿನ ಡ್ರಮ್ಮಿನ ಹತ್ತಿರ ಎಂಜಲೆಲೆಗಳನ್ನು ಒಟ್ಟುಮಾಡಿಸುತ್ತಿದ್ದ ಅಂದಾನಿ ಮಾಮನಿಗೆ ನಿನ್ನ ಫೋನಿನ ವಿಷಯ ಹೇಳಿಬಿಟ್ಟೆ. ಹೇಳಬಾರದಿತ್ತು ಅನ್ನಬೇಡ. ಅವರು ಕೈ ತೊಳೆದುಕೊಂಡು, ‘ಗೊತ್ತಿತ್ತು ಕಣವ್ವ’ ಅಂದರು. ‘ನಿಮ್ಮಪ್ಪ ಫೋನ್ ಮಾಡಿದ್ ಮಾರ್ನೆ ದಿನವೇ ಬದರಿನಾಥ್ ಸಾರು ನಮ್ಮ ಆಫೀಸಿಗ ಬಂದು ಹೇಳುದ್ರು. ಮರ್ಯಾದಿಯಾಗಿ ಹಿಂದಕ ಸರ್ಕಳಿ ಅಂದ್ರು.’ ಮತ್ತೆ ಯಾಕೆ ನಿಂತಿರಿ ಎಂದು ಕೇಳಿದೆ. ‘ಸರ್ಕಂಡ್ರ ಯಾಕ ಅಂತ ನಮ್ಮನಿಯವ್ಳು ಕೇಳ್ತಿದ್ಲು. ಹೇಳ್ಬೇಕಾಯ್ತಿತ್ತು. ಸೋತ್ರ ಯಾರೂ ಯಾಕ ಅಂತ ಕೇಳದಿಲ್ಲ. ಅವ್ಳಿಗ ಮಾತ್ರ ಹೇಳ್ಬ್ಯಾಡ. ಈ ಊರಲ್ಲಿ ನಿಮ್ಮಪ್ಪ ಒಬ್ರು ನಮ್ಮೋರು ಅಂತ ಅವ್ಳು ನಂಬವ್ಳ. ಅದೊಂದಾದ್ರೂ ಉಳ್ಕಳ್ಲಿ.’ ನನ್ನ ತಲೆಯ ಮೇಲೆ ಕೈಯಿಡಿಸಿ ಆಣೆ ಹಾಕಿಸಿಕೊಂಡರು. ಅಷ್ಟು ಮಂದಿಯ ಮುಂದೆ ಸೋಲುತ್ತೇನೆಂದು ಗೊತ್ತಿದ್ದೂ ಆ ಮನುಷ್ಯ ಸಭಾಂಗಣಕ್ಕೆ ಬಂದು ಕೂತದ್ದು ನಿನ್ನ ಹೆಸರು ಉಳಿಸಲಿಕ್ಕೆ ಅಪ್ಪಾ. ನಿನ್ನ ಮೇಲಿನ ಪ್ರೀತಿಗಲ್ಲ. ಈ ಊರಿನಲ್ಲಿ ನಮ್ಮವರು ಎಂದು ಹೆಂಡತಿಗೆ ಹೇಳಲು ಅವರ ಹತ್ತಿರ ಬೇರೆ ಯಾರ ಹೆಸರೂ ಇಲ್ಲ, ಅದಕ್ಕೆ.

ನಾನು ಬಳಗದ ಕಡೆ ಇನ್ನು ಕಾಲಿಡುವುದಿಲ್ಲ. ನನ್ನ ಮದುವೆಗೆ ಆ ಜನ ಬೇಕು ಎಂದಾದರೆ ಮದುವೆಯೂ ಬೇಡ. ನೀನು ದೀಪಾವಳಿಗೆ ಬಂದಾಗ ಮಾತಾಡೋಣ ಎಂದು ಹೇಳಬೇಡ, ನೀನು ಮಾತಾಡಿದ್ದನ್ನು ಕೇಳಿಯೇ ನಾನು ಹೀಗಾಗಿದ್ದೇನೆ. ಕಾಗದದ ಕೊನೆಯಲ್ಲಿ ಆಶೀರ್ವಾದ ಬೇಡುವುದು ರೂಢಿ. ಈ ಸಲ ನನ್ನದನ್ನು ನೀನೇ ಇಟ್ಟುಕೊ, ನಿನಗೇ ಬೇಕಾಗಬಹುದು. ಅಮ್ಮ ನಮಸ್ಕಾರ ತಿಳಿಸಿದ್ದಾಳೆ. ಮಾತ್ರೆ ಮರೆಯಬೇಡ.

ನಿನ್ನ ಮಗಳು,
ಶ್ರೀವಿದ್ಯಾ

ಮ. ಬಿ.: ಲಕೋಟೆ ಅಂಟಿಸುವಷ್ಟರಲ್ಲಿ ಹುಚ್ಚಮ್ಮ ಅತ್ತೆ ಬಂದರು. ಕ್ವಾರ್ಟರ್ಸಿನ ಮರದ ಕರಿಬೇವು ತಂದಿದ್ದಾರೆ. ಅಮ್ಮ ಕಾಫಿ ಕೊಟ್ಟಿದ್ದಾಳೆ, ಯಾವ ಲೋಟದಲ್ಲಿ ಎಂದು ನಾನು ನೋಡಲು ಹೋಗಲಿಲ್ಲ. ‘ಯಾರ್ಗ ಕೂಸೆ ಕಾಗ್ದ?’ ಅಂದರು. ಅಪ್ಪನಿಗೆ ಅಂದೆ. ತಮ್ಮದೂ ನಾಲ್ಕು ಮಾತು ಸೇರಿಸು ಎಂದು ಪಕ್ಕದಲ್ಲೇ ನಿಂತಿದ್ದಾರೆ. ಅವರು ಹೇಳಿದ ಹಾಗೇ ಬರೆಯುತ್ತಿದ್ದೇನೆ: ‘ಅಣ್ಣೋರೆ, ಅಷ್ಟ್ ಜನದ ಮುಂದ ನಮ್ಮನ್ನ ಮೇಲಕ ಎತ್ತಿ ಮಾತಾಡುದ್ರಿ. ನಿಮ್ಮ ಮಾತ ಉಳ್ಸಕ ನಮ್ಗ ಆಗ್ಲಿಲ್ಲ. ನಾನು ನಾಕ್ ಮನಿಗ ಹೋಗಿ ಕೇಳ್ಕಬೇಕಿತ್ತು, ನಾಚ್ಕಂಡು ಕೂತ್ಕಬುಟ್ಟಿ. ನಮ್ಮಿಂದ ನಿಮ್ಗ ಎಲ್ರ ಮುಂದ ತಲ ತಗ್ಸೂ ಹಂಗಾಯ್ತು. ಮನ್ಸಲ್ಲಿ ಇಟ್ಕಬ್ಯಾಡಿ. ತಪ್ಪಾಯ್ತು.’

ಕೊನೆಯ ಮಾತನ್ನು ಎರಡು ಸಲ ಬರಿ ಅನ್ನುತ್ತಿದ್ದಾರೆ. ಬರೆದಿದ್ದೇನೆ ನೋಡು: ತಪ್ಪಾಯ್ತು.